ಓಡದ ಗಾಡಿಗೆ ಎಂಥ ಸರ್ವಿಸ್?

ಗಾಡಿ ಎಷ್ಟು ಓಡಿತು ಅಂತ ಹೇಳೋಕೆ ಡ್ಯಾಶ್‌ಬೋರ್ಡಿನಲ್ಲಿ ಓಡೋಮೀಟರ್ ಇದೆ. ಎಷ್ಟು ದಿನ ಸುಮ್ಮನೆ ನಿಂತಿತ್ತು ಅಂತ ಹೇಳೋ ಮೀಟರನ್ನು ಮಾತ್ರ ಯಾವ ಕಂಪನಿಯೂ ಕೊಡೋದಿಲ್ಲ. ಕಳೆದ ಸೆಮಿಸ್ಟರ್ ರಜೆಯಲ್ಲಿ ಒಂದು ಕ್ಯಾರವಾನಿನ ಒಳಗೆ, ಮೇಲೆ, ಕೆಳಗೆ ಆರು ದಿನ ಕಳೆಯುವವರೆಗೆ ನಮಗೂ ಅದರ ಕೊರತೆ ಗೊತ್ತಾಗಿರಲಿಲ್ಲ.

ನಾವು ಅಂದರೆ ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬಳು ಇಲೆಕ್ಟ್ರಿಕಲ್, ಒಬ್ಬ ಸಿವಿಲ್. ಮೆಕ್ಯಾನಿಕಲ್ಲಿನ ಒಬ್ಬನ ಸೋದರಮಾವನ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ನಡುವೆ. ಎರಡು ವರ್ಷದ ಹಿಂದೆ ಅವರು ಸೆಕೆಂಡ್ ಹ್ಯಾಂಡಲ್ಲಿ ಒಂದು ಕ್ಯಾರವಾನ್ ತಗೊಂಡರು. ಟ್ರಾವೆಲರ್ ವ್ಯಾನನ್ನೇ ಬದಲಾಯಿಸಿ ಮಾಡಿದ್ದು. ಮಲಗಲು ನಾಲ್ಕು ಬರ್ತು, ಒಂದು ಗ್ಯಾಸ್ ಒಲೆ, ಸಿಂಕು, 60 ಲೀಟರಿನ ನೀರಿನ ಟ್ಯಾಂಕು, ಎರಡು ಫ್ಯಾನು. ಆರ್‌ಸಿಯಲ್ಲೂ ಸರಿಯಾಗಿ ದಾಖಲಾಗಿದೆ. (ಯೂಟ್ಯೂಬ್ ನೋಡಿ ಮನೆಯ ಓಮ್ನಿಗೆ ಹಾಸಿಗೆ ಹಾಕಲು ಹೊರಟವರು ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೊದಲು ಓದಿ, ಆಮೇಲೆ ಗರಗಸ ಹಿಡೀರಿ.)

ಸಂಕ್ರಾಂತಿಗೆ ಅಜ್ಜಿಯನ್ನು ಮರವಂತೆಗೆ ಕರೆದೊಯ್ಯುವ ಪ್ಲಾನು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಆ ಜಾಗದ ಫೋಟೋವನ್ನು ಅಜ್ಜಿ ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದರಂತೆ. ಗಾಡಿ ರೆಡಿ ಮಾಡುವ ಕೆಲಸ ನಮಗೆ ಬಂತು. ಸರ್ವಿಸ್ ಯಾವಾಗ ಆಗಿದೆ ಮಾವ ಅಂತ ಕೇಳಿದರೆ ಅವರು ನಕ್ಕುಬಿಟ್ಟರು. "ಹೋದ ಸರ್ವಿಸ್ ಆದ್ಮೇಲೆ ಮೂರು ಸಾವಿರ ಕಿಲೋಮೀಟರೂ ಓಡ್ಲಿಲ್ಲ ಮಾರಾಯ. ಹತ್ತು ಸಾವಿರಕ್ಕೆ ಅಂತ ಪುಸ್ತಕದಲ್ಲೇ ಬರ್ದಿದೆ. ಓಡದ ಗಾಡಿಗೆ ಎಂಥ ಸರ್ವಿಸ್? ತೊಳ್ದು ಕೊಡಿ, ಸಾಕು."

ಪುಸ್ತಕದಲ್ಲಿ ಹತ್ತು ಸಾವಿರ ಕಿಲೋಮೀಟರ್ ಅಂತ ಇದ್ದದ್ದು ನಿಜ. ಅದರ ಪಕ್ಕದಲ್ಲೇ "ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಅಂತಲೂ ಇತ್ತು. ಗಾಡಿ ಹಿಂದಿನ ಮಾರ್ಚಿನಿಂದ ಅಲ್ಲಾಡಿರಲಿಲ್ಲ. ಎತ್ತರ ಜಾಸ್ತಿಯಾಗಿ ಶೆಡ್ಡಿನೊಳಗೆ ಹಿಡಿಸದೆ, ಮಲೆನಾಡಿನ ಒಂದು ಇಡೀ ಮಳೆಗಾಲವನ್ನು ಟಾರ್ಪಾಲು ಹೊದ್ದು ಹೊರಗೇ ಕಳೆದಿತ್ತು.

ಕೀ ತಿರುಗಿಸಿದೆವು. ಟಿಕ್ ಅಂದಿತು, ಅಷ್ಟೇ.

ಕ್ಯಾರವಾನಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಇರುತ್ತವೆ. ಇಂಜಿನ್ ಸ್ಟಾರ್ಟ್ ಮಾಡಲು ಒಂದು, ಒಳಗಿನ ದೀಪ, ಫ್ಯಾನು, ನೀರಿನ ಪಂಪಿಗೆ ಇನ್ನೊಂದು. ಎರಡನೆಯದನ್ನು ಮನೆ ಬ್ಯಾಟರಿ ಅನ್ನೋಣ. ಮಲ್ಟಿಮೀಟರ್ ಹಿಡಿದರೆ ಮನೆ ಬ್ಯಾಟರಿ 11.6 ವೋಲ್ಟ್ ತೋರಿಸಿತು. "ಹನ್ನೆರಡರ ಹತ್ತಿರಾನೇ ಇದೆಯಲ್ಲ" ಅಂದ ನಮ್ಮ ಸಿವಿಲ್. ಎಲ್ಲರೂ ಮೋಸ ಹೋಗುವುದು ಇಲ್ಲೇ. ಲೆಡ್ ಆಸಿಡ್ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.6 ರಿಂದ 12.7 ಬಂದರೆ ಪೂರ್ತಿ ತುಂಬಿದೆ ಅಂತ. 12.4 ಇದ್ದರೆ ಸುಮಾರು ಮುಕ್ಕಾಲು, 12.0 ಇದ್ದರೆ ಉಳಿದಿರೋದು ಕಾಲು ಭಾಗದ ಹತ್ತಿರ. 11.8ಕ್ಕಿಂತ ಕೆಳಗಿಳಿದರೆ ಖಾಲಿ ಅಂತಲೇ ಲೆಕ್ಕ. ಪೂರ್ತಿ ತುಂಬಿದ್ದಕ್ಕೂ ಪೂರ್ತಿ ಬರಿದಾದದ್ದಕ್ಕೂ ನಡುವೆ ಒಂದು ವೋಲ್ಟಿನ ವ್ಯತ್ಯಾಸವೂ ಇಲ್ಲ.

ಸ್ವಿಚ್ಚೆಲ್ಲ ಆಫ್ ಆಗಿದ್ದರೂ ಕರೆಂಟು ಕುಡಿದದ್ದು ಯಾರು? ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಿಗ್ಗೆ ನೆಗೆಟಿವ್ ಟರ್ಮಿನಲ್ ಬಿಚ್ಚಿ, ನಡುವೆ ಅಮ್ಮೀಟರನ್ನು ಸೀರೀಸಲ್ಲಿ ಸೇರಿಸಿದೆವು. 80 ಮಿಲಿಆಂಪ್. ಗ್ಯಾಸ್ ಡಿಟೆಕ್ಟರು, ಸ್ಟೀರಿಯೋದ ಗಡಿಯಾರ, ಚಾರ್ಜರಿನ ಡಿಸ್‌ಪ್ಲೇ ಇವಿಷ್ಟೂ ಸೇರಿ. ಏನೂ ಅಲ್ಲ ಅನಿಸುತ್ತದೆ. ದಿನಕ್ಕೆ 24 ಗಂಟೆಯಿಂದ ಗುಣಿಸಿ, 1.92 ಆಂಪಿಯರ್ ಅವರ್. 100 ಆಂಪಿಯರ್ ಅವರಿನ ಬ್ಯಾಟರಿ 52 ದಿನಕ್ಕೆ ಖಾಲಿ. ಗಾಡಿ ನಿಂತದ್ದು ಸುಮಾರು 300 ದಿನ. ಬರಿದಾದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ನಮ್ಮದೂ ಹಾಗೇ ಆಯಿತು. ಚಾರ್ಜ್ ಆದ ಮೇಲೆ 12.6 ತೋರಿಸಿತು, ಎರಡು ಫ್ಯಾನು ಹಾಕಿದ ಅರ್ಧ ಗಂಟೆಗೆ ಕುಸಿದು ಕೂತಿತು. ಹತ್ತು ಸಾವಿರ ರೂಪಾಯಿಯ ಮೇಲಿನ ಖರ್ಚು. ನಿಲ್ಲಿಸುವ ದಿನ 10 ನಂಬರ್ ಸ್ಪ್ಯಾನರ್ ಹಿಡಿದು ಎರಡು ನಿಮಿಷ ಕೆಲಸ ಮಾಡಿದ್ದರೆ ಇದು ಉಳಿಯುತ್ತಿತ್ತು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಯಾಕೆ ಅಂತ ವೈವಾದಲ್ಲಿ ಕೇಳಿದರೆ: ನೆಗೆಟಿವ್ ಇನ್ನೂ ಬಾಡಿಗೆ ಸೇರಿಕೊಂಡೇ ಇದ್ದಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಾಗಿದರೆ ನೇರ ಶಾರ್ಟ್.

ಒಳಗೆ ಹೊಕ್ಕರೆ ಬೂಸಲು ವಾಸನೆ. ಹಿಂದಿನ ಬರ್ತಿನ ಮೂಲೆಯ ಪ್ಲೈವುಡ್ಡು ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಗುತ್ತಿತ್ತು. ಇದು ಸಿವಿಲ್ ಹುಡುಗನ ಇಲಾಖೆ. ಚಾವಣಿಯಂಚಿಗೆ ಉದ್ದಕ್ಕೂ ಅಲ್ಯೂಮಿನಿಯಂ ಬೀಡಿಂಗ್ ಹೊಡೆದಿದ್ದಾರೆ, ಅದರ ಕೆಳಗೆ ಉಕ್ಕಿನ ಬಾಡಿ, ನಡುವೆ ಸೀಲಂಟ್. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಬಿಸಿಲಿಗೂ ರಾತ್ರಿಗೂ 40 ಡಿಗ್ರಿ ವ್ಯತ್ಯಾಸ ಅಂತ ಹಿಡಿದರೆ 3 ಮೀಟರಿನ ಬೀಡಿಂಗು 2.8 ಮಿಲಿಮೀಟರ್ ಹಿಗ್ಗುತ್ತದೆ, ಕೆಳಗಿನ ಉಕ್ಕು 1.4. ಅಂದರೆ ದಿನಾ ಆ ಸೀಲಂಟನ್ನು ಯಾರೋ ಒಂದೂವರೆ ಮಿಲಿಮೀಟರಿನಷ್ಟು ಎಳೆದು ಬಿಟ್ಟ ಹಾಗೆ. ಗಾಡಿ ನಿಂತಿರಲಿ ಓಡಲಿ, ಸೂರ್ಯ ಅಂತೂ ರಜೆ ಹಾಕುವುದಿಲ್ಲ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು, ಹೇಳಿಬಿಡುತ್ತೇವೆ. ಪೇಟೆಯಿಂದ ಸಿಲಿಕೋನ್ ಟ್ಯೂಬ್ ತಂದು ಹಳೇ ಸಿಲಿಕೋನಿನ ಮೇಲೆಯೇ ಚೆನ್ನಾಗಿ ಬಳಿದೆವು, ಫೋಟೋನೂ ತೆಗೆದೆವು. ಮರುದಿನ ಪೈಪಲ್ಲಿ ನೀರು ಬಿಟ್ಟರೆ ಅಲ್ಲೇ ಸೋರಿಕೆ. ಒಣಗಿದ ಹಳೇ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲ ಅನ್ನೋದು ಆಮೇಲೆ ಓದಿ ತಿಳಿದದ್ದು. ಎಲ್ಲವನ್ನೂ ಪ್ಲಾಸ್ಟಿಕ್ ಚಮಚದಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಈ ಸಲ ಹಿಗ್ಗಿ ಕುಗ್ಗಿದರೂ ಹಿಡಿದುಕೊಳ್ಳುವ ಪಾಲಿಯುರೆಥೇನ್ ಸೀಲಂಟ್ ಹಾಕಿದೆವು. ಒಂದು ದಿನ ಹೋಯಿತು. ಕಲೆ ಇರುವ ಕಡೆಯೇ ತೂತು ಇರುತ್ತದೆ ಅಂತಲೂ ನಂಬಬೇಡಿ. ನೀರು ಒಂದು ಕಡೆ ಒಳಗೆ ಹೊಕ್ಕು ಫ್ರೇಮಿನ ಗುಂಟ ಹರಿದು ಇನ್ನೆಲ್ಲೋ ಬೀಳುತ್ತದೆ. ಪೈಪ್ ಹಿಡಿಯುವಾಗ ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಬೇಕು. ಮೇಲಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವ ಸಂದಿಯಲ್ಲಿ ಹೊಕ್ಕಿತು ಅಂತ ಗೊತ್ತೇ ಆಗುವುದಿಲ್ಲ.

ಟೈರಿನ ವಿಷಯಕ್ಕೆ ಮಾವನಿಗೂ ನಮಗೂ ಜಗಳವೇ ಆಯಿತು. ಗ್ರಿಪ್ ಹೊಸದರ ಹಾಗೇ ಇತ್ತು. ಕಾನೂನು ಕೇಳುವುದು 1.6 ಮಿಲಿಮೀಟರ್, ಇದರಲ್ಲಿ 6 ಇತ್ತು. ಆದರೆ ಟೈರಿನ ಪಕ್ಕೆಯಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ, ಕೆಲವು ಸಲ ಒಂದು ಪಕ್ಕೆಯಲ್ಲಿ ಮಾತ್ರ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 2416 ಅಂತ ಇತ್ತು. 2016ರ 24ನೇ ವಾರ. ಎಂಟು ವರ್ಷ ದಾಟಿತ್ತು. ಬಾಗಿ ನೋಡಿದರೆ ಪಕ್ಕೆಯ ತುಂಬ ಕೂದಲೆಳೆಯ ಬಿರುಕು. ಓದುವುದನ್ನು ಇಲ್ಲಿ ನಿಲ್ಲಿಸಿ ಪಾರ್ಕಿಂಗಿಗೆ ಹೋಗಿ ನಿಮ್ಮ ಬೈಕಿನ ಟೈರ್ ನೋಡಿ ಬಂದರೂ ನಮಗೆ ಬೇಜಾರಿಲ್ಲ.

ರಬ್ಬರಿಗೆ ಗಾಳಿಯ ಆಕ್ಸಿಜನ್ನು, ಓಝೋನು ಎರಡೂ ಶತ್ರು. ಅದಕ್ಕೇ ತಯಾರಿಸುವಾಗಲೇ ರಬ್ಬರಿನೊಳಗೆ ಮೇಣದಂಥ ರಕ್ಷಕ ವಸ್ತು ಬೆರೆಸಿರುತ್ತಾರೆ. ಟೈರು ಉರುಳಿ, ಬಾಗಿ, ಬಿಸಿಯಾದಾಗ ಅದು ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾಗಿ ಹರಡಿಕೊಳ್ಳುತ್ತದೆ. ನಿಂತ ಟೈರಿನಲ್ಲಿ ಬಾಗುವಿಕೆಯೇ ಇಲ್ಲ, ಹಾಗಾಗಿ ಔಷಧಿ ಒಳಗೇ ಉಳಿಯುತ್ತದೆ. ನಮಗೆ ತಲೆ ತಿರುಗಿದ್ದು ಈ ಜಾಗದಲ್ಲಿ. ಸವೆಯುವುದಕ್ಕೆ ಕಾರಣ ಓಟ ಅಂತ ಮೂರು ವರ್ಷ ಓದಿದ್ದೇವೆ. ಇಲ್ಲಿ ಓಟವೇ ಆರೈಕೆ. ಆಮೇಲೆ ಹುಡುಕಿದರೆ ಗಾಡಿಯ ತುಂಬ ಇದೇ ಕತೆ. ಓಡಿದರೆ ಬ್ಯಾಟರಿ ತುಂಬುತ್ತದೆ. ಬ್ರೇಕ್ ಡ್ರಮ್ಮಿನ ತುಕ್ಕು ಉಜ್ಜಿ ಹೋಗುತ್ತದೆ. ಎಸಿ ಹಾಕಿದರೆ ಗ್ಯಾಸಿನ ಜೊತೆ ಎಣ್ಣೆ ಸುತ್ತಿ ಕಂಪ್ರೆಸರಿನ ಸೀಲು ಒಣಗದೆ ಉಳಿಯುತ್ತದೆ. ಇಂಜಿನ್ ಪೂರ್ತಿ ಬಿಸಿಯಾದರೆ ಆಯಿಲಿನಲ್ಲಿ ಸೇರಿದ ತೇವ ಆವಿಯಾಗುತ್ತದೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಇದ್ಯಾವುದೂ ಆಗುವುದಿಲ್ಲ. ಇಂಜಿನ್ ಬಿಸಿಯಾಗುವುದರೊಳಗೆ ನಿಲ್ಲಿಸಿದರೆ ತೇವ ಇನ್ನಷ್ಟು ಸೇರುತ್ತದೆ, ಅಷ್ಟೇ.

ಮಾವ ಒಪ್ಪಲಿಲ್ಲ. "ಅರ್ಧ ಸವೆಯದ ಟೈರನ್ನ ಎಸೀಬೇಕಾ? ನಿಮ್ಮ ಓದು ನಿಮ್ಮ ಹತ್ರ ಇರ್ಲಿ." ಐದು ವರ್ಷದ ನಂತರ ಪ್ರತಿ ವರ್ಷ ತಜ್ಞರಿಂದ ನೋಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬದಲಿಸಿ ಅಂತ ಹಲವು ಟೈರ್ ತಯಾರಕರೇ ಹೇಳುತ್ತಾರೆ. ಹತ್ತಾಗಿಲ್ಲವಲ್ಲ ಅನ್ನೋದು ಮಾವನ ವಾದ. ಪೇಟೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆವು. ಅವರು ಮಾತೇ ಆಡಲಿಲ್ಲ. ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿರುಕು ಬಾಯಿ ತೆರೆಯುವುದನ್ನು ಮಾವನಿಗೆ ತೋರಿಸಿ, "ಒಳಗೆ ಯಾರು ಕೂರೋದು ಅಣ್ಣಾ?" ಅಂತ ಕೇಳಿದರು. ಸ್ಟೆಪ್ನಿ ಸೇರಿ ಐದೂ ಟೈರ್ ಬದಲಾಯಿತು. ನಮ್ಮ ಅರ್ಧ ದಿನದ ಭಾಷಣದಿಂದ ಆಗದ್ದು ಒಂದು ಹೆಬ್ಬೆರಳಿನಿಂದ ಆಯಿತು.

ಅದೇ ಮೇಸ್ತ್ರಿ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ ಮುಖ ಸಿಂಡರಿಸಿದರು. ಚಹಾ ಡಿಕಾಕ್ಷನ್ನಿನ ಬಣ್ಣ. ಬದಲಿಸಿ ನಾಲ್ಕು ವರ್ಷ ಆಗಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಮರವಂತೆಗೆ ಹೋಗಲು ಆಗುಂಬೆ ಘಾಟಿ ಇಳಿಯಬೇಕು.

ಜನ ಆಯಿಲ್ ಅಂದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಹೋಸಿನ ರಬ್ಬರಿನ ಮೂಲಕವೂ ತೇವ ನಿಧಾನಕ್ಕೆ ಒಳಗೆ ಸೇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ಅದರಲ್ಲಿ 3.7 ಶೇಕಡಾ ನೀರು ಸೇರಿತೋ, ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಈಗ ಇಳಿತದ ಲೆಕ್ಕ. ಜನ, ನೀರು, ಸಾಮಾನು ಸೇರಿ ಗಾಡಿ 3,500 ಕೆಜಿ, ಇಳಿಯುವ ಎತ್ತರ 500 ಮೀಟರ್ ಅಂತ ಹಿಡಿಯಿರಿ. ಎಂ ಜಿ ಎಚ್. 1 ಕೋಟಿ 70 ಲಕ್ಷ ಜೂಲ್ ಚಿಲ್ಲರೆ. ಇಷ್ಟು ಶಾಖದಲ್ಲಿ 30 ಡಿಗ್ರಿಯ ಸುಮಾರು 58 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಬಚ್ಚಲಿನ ಒಂದು ಹಂಡೆ ನೀರು. ಆಗುಂಬೆಯ 14 ಹೇರ್‌ಪಿನ್ ತಿರುವಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಹಂಡೆಯ ಒಲೆಯನ್ನು ನಾಲ್ಕು ಚಕ್ರದೊಳಗೆ ಉರಿಸಿದ ಹಾಗೆ. ಹಳೇ ದ್ರವ ಕ್ಯಾಲಿಪರಿನಲ್ಲೇ ಕುದಿದು ಗುಳ್ಳೆಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಸಲೀಸಾಗಿ ಕುಗ್ಗಿಸಬಹುದು. ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಅದೇ ಬ್ರೇಕು ಎಷ್ಟು ಸಲ ಟೆಸ್ಟ್ ಮಾಡಿದರೂ ಸರಿಯಾಗಿಯೇ ಹಿಡಿಯುತ್ತದೆ. ಕೈ ಕೊಡುವುದು ಘಟ್ಟದ ನಡುವೆ.

ಮನೆ ಬ್ಯಾಟರಿ ಬದಲಿಸಿದ್ದು, ಸೀಲಂಟ್ ಹಾಕಿದ್ದು ನಾವೇ. ಬ್ರೇಕಿಗೆ ಮಾತ್ರ ಕೈ ಹಾಕಲಿಲ್ಲ, ಮೇಸ್ತ್ರಿ ಮಾಡಿದರು. ನಮ್ಮಲ್ಲೊಬ್ಬ ಪೆಡಲ್ ಒತ್ತಿ ಹಿಡಿಯುವ ಕೂಲಿ ಕೆಲಸ ಮಾಡಿದ. "ಒತ್ತು, ಹಿಡಿ, ಬಿಡ್ಬೇಡ" ಅಂತ ಕೆಳಗಿಂದ ಕೂಗು ಬರುತ್ತಿತ್ತು. ಹಿಂದಿನ ಎಡಗಡೆ ಡ್ರಮ್ಮು ಬಿಚ್ಚಲು ಸುತ್ತಿಗೆ ಬೇಕಾಯಿತು. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ ಹತ್ತು ತಿಂಗಳು ಬಿಟ್ಟಿದ್ದರಿಂದ ಲೈನರು ಡ್ರಮ್ಮಿಗೇ ಕಚ್ಚಿಕೊಂಡಿತ್ತು. ಹೆಚ್ಚು ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡು ಕೊಡಬೇಕು.

ಗ್ಯಾಸಿನ ಪೆಟ್ಟಿಗೆ ತೆರೆದಾಗ ಮಾತ್ರ ನಿಜವಾಗಿ ಹೆದರಿಕೆ ಆಯಿತು. 5 ಕೆಜಿಯ ಸಣ್ಣ ಸಿಲಿಂಡರು. ಅದಿರುವ ಕಪಾಟಿನ ತಳದಲ್ಲಿ ಒಂದು ತೂತು ಇರುತ್ತದೆ, ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗಿನಿಂದಲೇ ಹೊರಗೆ ಹೋಗಲಿ ಅಂತ. ದೂಳು, ಇರುವೆ ಬರುತ್ತವೆ ಅಂತ ಮಾವ ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ ಗೋಂದು ಹಚ್ಚಿದ್ದರು. ಗ್ಯಾಸ್ ಡಿಟೆಕ್ಟರನ್ನು ಹಿಂದಿನ ಮಾಲೀಕರು ಹೊಗೆ ಅಲಾರಮ್ಮಿನ ಹಾಗೆ ಚಾವಣಿಗೆ ಹೊಡೆದಿದ್ದರು. ಅಂದರೆ ಹತ್ತು ತಿಂಗಳು ಬ್ಯಾಟರಿ ಕುಡಿಯುತ್ತ ಅದು ಕಾವಲು ಕಾದದ್ದು ಗ್ಯಾಸು ಕೊನೆಗೆ ತಲುಪುವ ಜಾಗದಲ್ಲಿ. ಗಾಡಿಯ ಒಳಗಿನ ಗಾಳಿ 10 ಘನ ಮೀಟರ್ ಅಂತ ಇಟ್ಟುಕೊಳ್ಳಿ. ಎಲ್‌ಪಿಜಿ ಸುಮಾರು 2 ಶೇಕಡಾ ಬೆರೆತರೆ ಕಿಡಿ ಸಾಕು. ಅಷ್ಟಕ್ಕೆ ಬೇಕಾದದ್ದು ಹೆಚ್ಚುಕಡಿಮೆ 400 ಗ್ರಾಂ. ಗ್ಯಾಸು ನೆಲಮಟ್ಟದಲ್ಲೇ ತಂಗುವುದರಿಂದ ಅದಕ್ಕಿಂತ ಕಡಿಮೆಯೂ ಸಾಕು, ಮತ್ತು ಬರ್ತಿನಲ್ಲಿ ಮಲಗಿದವರ ಮೂಗು ಅಲ್ಲಿಂದ ಮೇಲಿರುತ್ತದೆ.

ಸೋಪಿನ ನೀರು ಹಚ್ಚಿದೆವು. ರೆಗ್ಯುಲೇಟರಿನ ತುದಿಯಲ್ಲಿ ಹೋಸಿನ ಬುಡದಿಂದ ಒಂದೊಂದೇ ಗುಳ್ಳೆ ಎದ್ದಿತು, ನಿಧಾನಕ್ಕೆ, ಮೀನು ಉಸಿರಾಡಿದ ಹಾಗೆ. ಹೋಸಿನ ಮೇಲಿನ ತಾರೀಖು ಐದು ವರ್ಷ ಮೀರಿತ್ತು. ಹೋಸು ಬದಲಾಯಿತು, ಮ್ಯಾಟು ಕಿತ್ತು ಬಿಸಾಡಿದೆವು, ಡಿಟೆಕ್ಟರು ನೆಲದಿಂದ ಒಂದು ಗೇಣು ಮೇಲಕ್ಕೆ ಬಂತು. ಇರುವೆಗೆ ತೂತಿನ ಮೇಲೆ ಜಾಲರಿ ಸಾಕು. ಇನ್ನೊಂದು: ಚಳಿ ಅಂತ ಕಿಟಕಿ ಮುಚ್ಚಿ ಒಲೆ ಹಚ್ಚಿಕೊಂಡು ಮಲಗುವವರಿದ್ದಾರೆ, ಚಿಕ್ಕಮಗಳೂರು, ಕೊಡಗಿನ ಕಡೆ ಕ್ಯಾಂಪಿಂಗ್ ಹೋಗುವ ನಮ್ಮವರೇ. ಉರಿಯುವ ಒಲೆ ಆಕ್ಸಿಜನ್ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಎಲ್‌ಪಿಜಿಗೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ, ಇದಕ್ಕೆ ವಾಸನೆಯೇ ಇಲ್ಲ. ಟೆಂಟಿಗೂ ಇದೇ ಮಾತು.

ಉಳಿದದ್ದು ಬೇಗ ಮುಗಿಯಿತು. ನೀರಿನ ಟ್ಯಾಂಕಿನ ಗೋಡೆಗೆ ಪಾಚಿ ಹತ್ತಿತ್ತು. ಲೀಟರಿಗೆ 1 ಎಂಎಲ್ ಲೆಕ್ಕದಲ್ಲಿ 5 ಶೇಕಡಾದ ಬ್ಲೀಚ್ ದ್ರಾವಣ 60 ಎಂಎಲ್ ಸೇರಿಸಿ, ನಲ್ಲಿಯವರೆಗೂ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದೆವು. ಇಂಜಿನ್ ಆಯಿಲ್, ಫಿಲ್ಟರ್ ಬದಲಿಸಿ, ಡೀಸೆಲ್ ಫಿಲ್ಟರಿನ ತಳದ ನೀರು ಬಿಟ್ಟೆವು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು, ಅಡಿಕೆ ಸಿಪ್ಪೆಯ ಹಾಸಿಗೆ ಸಮೇತ. ಕೊನೆಗೆ ಎಲ್ಲ ತುಂಬಿಸಿ ಪೇಟೆಯ ವೇಬ್ರಿಡ್ಜಿನಲ್ಲಿ ತೂಗಿಸಿದೆವು. ಆರ್‌ಸಿಯಲ್ಲಿ ಬರೆದ ಗರಿಷ್ಠ ತೂಕದ ಒಳಗೇ ಇತ್ತು. ಹಿಂದಿನ ಆಕ್ಸಲ್ ಬೇರೆ ತೂಗಿದಾಗ ಭಾರವೆಲ್ಲ ಹಿಂದೆಯೇ ಬಿದ್ದದ್ದು ಕಂಡು ಅಕ್ಕಿ, ತೆಂಗಿನಕಾಯಿ ಚೀಲಗಳನ್ನು ಮುಂದಕ್ಕೆ ಎಳೆದೆವು. ಮರವಂತೆಗೆ ತೆಂಗಿನಕಾಯಿ ಯಾಕೆ ಅಂತ ಅಜ್ಜಿಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಸಂಕ್ರಾಂತಿ ಕಳೆದಿತ್ತು. ಒಂದು ವಾರ ತಡ ಆಗುತ್ತೆ ಅಜ್ಜಿ ಅಂತ ಹೇಳಲು ಹೋದವನಿಗೆ ಅವರು, "ಎಪ್ಪತ್ತೆಂಟು ವರ್ಷ ಕಾದಿದೀನಿ ಮಗಾ, ಒಂದು ವಾರ ಎಂಥ ಲೆಕ್ಕ" ಅಂದರು. ಆಗುಂಬೆ ಘಾಟಿಯನ್ನು ಮಾವ ಎರಡನೇ ಗೇರಿನಲ್ಲಿ, ತಿರುವಿನಲ್ಲಿ ಒಂದನೆಯದರಲ್ಲಿ, ಇಂಜಿನ್ನಿಗೇ ಭಾರ ಬಿಟ್ಟು ಇಳಿಸಿದರು. ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿದೆವು. ಮುಂದಿನವು ಬಿಸಿ ಇದ್ದವು, ಸುಟ್ಟ ವಾಸನೆ ಇರಲಿಲ್ಲ. ಹಿಂದೆ ಕೂತ ಅಜ್ಜಿ, "ಎತ್ತಿನ ಗಾಡಿಯಲ್ಲೂ ಇದಕ್ಕಿಂತ ಬೇಗ ಇಳೀತಿದ್ರು" ಅಂತ ಗೊಣಗಿದರು.

ಈಗ ಗಾಡಿಯ ಬಾಗಿಲಿನ ಒಳಗೆ ನಮ್ಮ ಕೈಬರಹದ ಒಂದು ಹಾಳೆ ಅಂಟಿದೆ. ಅದರಲ್ಲಿ ಕಿಲೋಮೀಟರಿನ ಕಾಲಮ್ಮೇ ಇಲ್ಲ, ಬರೀ ತಾರೀಖು. ಮಾವ ತಿಂಗಳಿಗೊಮ್ಮೆ ಎಸಿ ಹಾಕಿಕೊಂಡು ಸಂತೆಗೆ ಕ್ಯಾರವಾನಿನಲ್ಲೇ ಹೋಗಿ ತರಕಾರಿ ತರುತ್ತಾರಂತೆ. ಊರವರು ನಗುತ್ತಾರೆ. ಹೋದ ತಿಂಗಳು ಫೋನ್ ಮಾಡಿ, "ನಿಮ್ಮ ಹಾಳೆ ಪ್ರಕಾರ ಮನೆ ಬ್ಯಾಟರಿ ನೋಡ್ದೆ, 12.5 ಬಂತು. ಇದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಅಂತ ಕೇಳಿದರು.